ಗೋಲ್ಡ್ ಫಿಶ್‌ಗೆ ಪರಾವಲಂಬಿ ಕಾಟ: ಗುರುತು, ಮದ್ದು, ಅಳತೆ

ಗೋಲ್ಡ್ ಫಿಶ್ ಗೆಂಡೆ ಬಳಗದ ಮೀನು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಚೀನಾದಲ್ಲಿ ಸಾಕಲು ತೊಡಗಿದ ಇದರ ವೈಜ್ಞಾನಿಕ ಹೆಸರು ಕರಾಸಿಯಸ್ ಔರೇಟಸ್. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಕೆರೆಗಳಿಗೆ ಬಿತ್ತನೆ ಮಾಡುವ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಎಲ್ಲವೂ ಇದರ ನೆಂಟರೇ. ಆದ್ದರಿಂದ ಕೆರೆಯ ಗೆಂಡೆಗಳಿಗೆ ಅಂಟುವ ಹಲವು ಪರಾವಲಂಬಿಗಳು ಮನೆಯ ಗಾಜಿನ ತೊಟ್ಟಿಯಲ್ಲಿರುವ ಗೋಲ್ಡ್ ಫಿಶ್‌ಗೂ ಅಂಟುತ್ತವೆ. ಹನಗೋಡು ನಾಲೆಯಿಂದಲೋ ಊರ ಕೆರೆಯಿಂದಲೋ ಕಿತ್ತು ತಂದ ನೀರುಗಿಡ, ಮಕ್ಕಳು ಹಿಡಿದು ತಂದು ತೊಟ್ಟಿಗೆ ಬಿಟ್ಟ ಪುಟ್ಟ ಮೀನು, ಜೀವಂತ ಹುಳುವಿನ ಆಹಾರ, ಅಂಗಡಿಯಿಂದ ಹೊಸದಾಗಿ ಬಂದ ಮೀನು – ಇವು ಪರಾವಲಂಬಿ ಮನೆಯೊಳಗೆ ಬರುವ ದಾರಿಗಳು. ಅಂಗಡಿಯ ಮೀನುಗಳಲ್ಲಿ ಬಹಳಷ್ಟು ಚೆನ್ನೈನ ಕೊಳತ್ತೂರಿನಂಥ ಸಾಕಣೆ ಕೇಂದ್ರಗಳಿಂದ ಹಲವು ಕೈ ದಾಟಿ ಬರುತ್ತವೆ. ಪ್ರಯಾಣದಲ್ಲಿ ಬಳಲಿದ ಮೀನಿನ ಮೈಮೇಲೆ ಅಲ್ಪಸ್ವಲ್ಪ ಇದ್ದ ಪರಾವಲಂಬಿ ಬೇಗ ಹೆಚ್ಚುತ್ತದೆ.

ಚಿಕಿತ್ಸೆ ಸೋಲುವುದು ಮದ್ದಿನ ಕೊರತೆಯಿಂದಲ್ಲ, ಬಹುಪಾಲು ಆತುರದಿಂದ. ಮೀನಿನ ಮೈಮೇಲೆ ಕಾಣುವುದು ಹಲವು ಪರಾವಲಂಬಿಗಳ ಬದುಕಿನ ಒಂದು ಹಂತ ಮಾತ್ರ. ಉಳಿದ ಹಂತಗಳು ತೊಟ್ಟಿಯ ತಳದಲ್ಲೋ ನೀರಿನಲ್ಲೋ ಕಲ್ಲಿನ ಮೇಲೋ ಇರುತ್ತವೆ. ಮದ್ದು ಸಾಮಾನ್ಯವಾಗಿ ಒಂದು ಹಂತವನ್ನಷ್ಟೇ ಕೊಲ್ಲುತ್ತದೆ. ಆ ಹಂತ ಬರುವವರೆಗೆ ಕಾಯುವುದು, ಮತ್ತೆ ಬಂದಾಗ ಮತ್ತೆ ಕೊಡುವುದು ಚಿಕಿತ್ಸೆಯ ತಿರುಳು.

ಮೊದಲು ನೀರಿನ ಪರೀಕ್ಷೆ

ಮೀನು ಮೈಯನ್ನು ಕಲ್ಲಿಗೆ, ಗಾಜಿಗೆ ಉಜ್ಜುವುದು, ರೆಕ್ಕೆ ಮಡಚಿ ಮೂಲೆ ಸೇರುವುದು, ಮೇಲ್ಮೈಗೆ ಬಂದು ಬಾಯಿ ತೆರೆದು ಉಸಿರೆಳೆಯುವುದು, ಮೈಮೇಲೆ ಬೂದುಬಣ್ಣದ ಲೋಳೆ ಕಟ್ಟುವುದು, ಆಹಾರ ಬಿಡುವುದು – ಇವೆಲ್ಲ ಪರಾವಲಂಬಿಯ ಲಕ್ಷಣಗಳು. ಆದರೆ ಇವೇ ಲಕ್ಷಣಗಳು ಕೆಟ್ಟ ನೀರಿನಿಂದಲೂ ಬರುತ್ತವೆ. ಗೋಲ್ಡ್ ಫಿಶ್ ಹೆಚ್ಚು ತಿಂದು ಹೆಚ್ಚು ಹಿಕ್ಕೆ ಹಾಕುವ ಮೀನು. ಅದು ಕಿವಿರಿನಿಂದ ಬಿಡುವ ಅಮೋನಿಯಾವನ್ನು ಫಿಲ್ಟರ್‌ನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಬದಲಿಸಬೇಕು. ಫಿಲ್ಟರ್ ಇಲ್ಲದ ಗಾಜಿನ ಬೋಗುಣಿಯಲ್ಲಿ ಈ ಕೆಲಸ ನಡೆಯುವುದೇ ಇಲ್ಲ. ಅಮೋನಿಯಾದಿಂದ ಕಿವಿರು ಸುಟ್ಟ ಮೀನಿಗೆ ಪರಾವಲಂಬಿಯ ಮದ್ದು ಹಾಕಿದರೆ ಅದು ಸಾಯುವುದು ಬೇಗವಾಗುತ್ತದೆ.

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಇಲ್ಲವಾದರೆ ದಿನಕ್ಕೆ ಮೂರನೇ ಒಂದು ಭಾಗದಷ್ಟು ನೀರು ಬದಲಿಸಿ, ಆಹಾರ ನಿಲ್ಲಿಸಿ, ಮೀನು ಚೇತರಿಸುವುದೇ ಎಂದು ಎರಡು ಮೂರು ದಿನ ನೋಡಬೇಕು. ಪಟ್ಟಣದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದನ್ನು ಅಗಲ ಬಾಯಿಯ ಪಾತ್ರೆಯಲ್ಲಿ 24 ಗಂಟೆ ಬಿಡಬೇಕು, ಇಲ್ಲವೇ ಅಂಗಡಿಯಲ್ಲಿ ಹೈಪೊ ಎಂದು ಕೊಡುವ ಸೋಡಿಯಂ ಥಯೋಸಲ್ಫೇಟ್ ಹಾಕಬೇಕು. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇಲ್ಲದಿದ್ದರೂ ಆಮ್ಲಜನಕ ಕಡಿಮೆ. ಏರ್ ಪಂಪ್ ಹಾಕಿ ಕೆಲವು ಗಂಟೆ ಗುಳ್ಳೆಯಾಡಿಸಿದ ಮೇಲೆಯೇ ಅದು ಬಳಕೆಗೆ ಯೋಗ್ಯ.

ಹೊಗೆಸೊಪ್ಪು ಬೆಳೆಯುವ ಈ ತಾಲ್ಲೂಕುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಹೊಗೆಸೊಪ್ಪಿನ ನಿಕೋಟಿನ್ ಮೀನಿಗೆ ಕಡು ವಿಷ. ಎಲೆ ಕಿತ್ತ, ಅದನ್ನು ಒಣಗಿಸುವ ಬ್ಯಾರನ್ನಿನಲ್ಲಿ ಕೆಲಸ ಮಾಡಿದ ಕೈಯನ್ನು ಸೋಪು ಹಾಕಿ ತೊಳೆಯದೆ ತೊಟ್ಟಿಗೆ ಇಳಿಸಬಾರದು. ಬೆಳೆಗೆ ಔಷಧಿ ಕಲಸಿದ ಬಕೆಟ್ಟನ್ನು ಮೀನಿನ ನೀರಿಗೆ ಬಳಸಲೇಬಾರದು. ಹುಳು ಸಾಯಲೆಂದು ಹೊಗೆಸೊಪ್ಪಿನ ಕಷಾಯ ಹಾಕಿದರೆ ಹುಳುವಿಗಿಂತ ಮೊದಲು ಮೀನು ಸಾಯುತ್ತದೆ.

ಬರಿಗಣ್ಣಿಗೆ ಕಾಣುವ ಗುರುತು

ನೀರು ಸರಿಯಿದ್ದೂ ತೊಂದರೆ ಮುಂದುವರಿದರೆ ಮೀನಿನ ಮೈಯನ್ನು ಟಾರ್ಚ್ ಬೆಳಕಿನಲ್ಲಿ ನೋಡಬೇಕು. ರವೆ ಉದುರಿಸಿದಂತೆ ಮೈಮೇಲೆ, ರೆಕ್ಕೆಗಳ ಮೇಲೆ ಒಂದು ಮಿಲಿಮೀಟರಿಗೂ ಚಿಕ್ಕ ಬಿಳಿಚುಕ್ಕೆಗಳಿದ್ದರೆ ಅದು ಬಿಳಿಚುಕ್ಕೆ ರೋಗ. 1876ರಲ್ಲಿ ವಿವರಿಸಲಾದ ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್ ಎಂಬ ಏಕಕೋಶ ಜೀವಿ ಇದಕ್ಕೆ ಕಾರಣ. ಇದರಲ್ಲಿ ಮೋಸ ಹೋಗುವ ಸಂಭವವೂ ಉಂಟು. ಗಂಡು ಗೋಲ್ಡ್ ಫಿಶ್‌ಗೆ ಮರಿ ಮಾಡುವ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ, ಮುಂದಿನ ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಬಿಳಿ ಗುಳ್ಳೆಗಳೇಳುತ್ತವೆ. ಮೀನು ಚುರುಕಾಗಿದ್ದು ಗುಳ್ಳೆ ಅಷ್ಟು ಜಾಗಕ್ಕೇ ಸೀಮಿತವಾಗಿದ್ದರೆ ಅದು ರೋಗವಲ್ಲ.

ಹುರುಪೆಯ ಮೇಲೆ ಹಸಿರು ಅಥವಾ ಕಂದು ಛಾಯೆಯ, ಕೆಲವು ಮಿಲಿಮೀಟರ್ ಅಗಲದ ಚಪ್ಪಟೆ ಬಿಲ್ಲೆ ಸರಿದಾಡಿದರೆ ಅದು ಮೀನು ಹೇನು, ಅಂದರೆ ಆರ್ಗ್ಯುಲಸ್. ಮೈಯಿಂದ ಬಿಳಿಯ ದಾರದ ತುಂಡು ಹೊರಚಾಚಿ, ಬುಡದಲ್ಲಿ ಕೆಂಪು ಗಾಯವಿದ್ದರೆ ಅದು ಲಂಗರು ಹುಳು, ಲರ್ನಿಯಾ. ಇವೆರಡೂ ಸೀಗಡಿ, ಏಡಿಗಳ ದೂರದ ಬಂಧುಗಳು. ಹತ್ತಿಯಂತೆ ಅರಳಿದ ಬಿಳಿ ಎಳೆ ಬೂಷ್ಟಿನದು. ಹುರುಪೆಗಳೆಲ್ಲ ನೆಟ್ಟಗೆ ನಿಂತು ಹೊಟ್ಟೆ ಉಬ್ಬಿದ್ದರೆ ಒಳಅಂಗಗಳ ತೊಂದರೆ. ಈ ಎರಡಕ್ಕೂ ಪರಾವಲಂಬಿಯ ಮದ್ದು ನಾಟುವುದಿಲ್ಲ.

ಕಣ್ಣಿಗೆ ಕಾಣದವು

ಮೈಯಲ್ಲಿ ಏನೂ ಕಾಣದೆ ಮೀನು ಉಜ್ಜಿಕೊಳ್ಳುತ್ತಲೇ ಇದ್ದರೆ ಕಾರಣ ಸೂಕ್ಷ್ಮದರ್ಶಕದಲ್ಲಿ ಮಾತ್ರ ಸಿಗುತ್ತದೆ. ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕ ಇದ್ದರೆ ಅಲ್ಲೇ ಈ ಪರೀಕ್ಷೆ ಆಗುತ್ತದೆ. ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲೂ ನೋಡಿಸಬಹುದು. ಮೀನಿನ ಪಕ್ಕೆಯಿಂದ ಬಾಲದ ಕಡೆಗೆ ಕವರ್‌ಸ್ಲಿಪ್‌ನ ಅಂಚಿನಿಂದ ಮೆಲ್ಲನೆ ಲೋಳೆ ಸವರಿ, ತೊಟ್ಟಿಯದೇ ಒಂದು ಹನಿ ನೀರಿನೊಂದಿಗೆ ಸ್ಲೈಡ್ ಮೇಲಿಟ್ಟು ತಕ್ಷಣ ನೋಡಬೇಕು. 100 ಪಟ್ಟು ಹಿಗ್ಗಿಸಿದರೆ ಸಾಕು. ಸತ್ತ ಮೀನಿನಿಂದ ಪರಾವಲಂಬಿಗಳು ಬೇಗ ಕಳಚಿಕೊಳ್ಳುವುದರಿಂದ ಜೀವಂತ ಮೀನನ್ನೇ ಒಯ್ಯಬೇಕು. ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ ಇರಬೇಕು. ಹೊರಡುವ ಹಿಂದಿನ ದಿನ ಆಹಾರ ಕೊಡಬಾರದು.

ಕುದುರೆ ಲಾಳದಾಕಾರದ ಕೋಶಕೇಂದ್ರವುಳ್ಳ, ನಿಧಾನವಾಗಿ ಉರುಳುವ ದುಂಡು ಜೀವಿ ಬಿಳಿಚುಕ್ಕೆ ರೋಗದ್ದು. ಒಳಗೆ ಹಲ್ಲಿನ ಉಂಗುರವಿದ್ದು ತಟ್ಟೆಯಂತೆ ಗಿರಗಿರ ತಿರುಗುವುದು ಟ್ರೈಕೋಡೈನಾ. ಕೊಕ್ಕೆಯಿಂದ ಕಚ್ಚಿ ಹಿಡಿದು ಹಿಗ್ಗಿ ಕುಗ್ಗುವ ಹುಳು ಫ್ಲೂಕ್. ಅದಕ್ಕೆ ನಾಲ್ಕು ಕಣ್ಚುಕ್ಕೆಗಳಿದ್ದರೆ ಕಿವಿರಿನ ಡ್ಯಾಕ್ಟೈಲೋಗೈರಸ್. ಕಣ್ಚುಕ್ಕೆ ಇಲ್ಲದೆ ಹೊಟ್ಟೆಯೊಳಗೆ ಮರಿಯ ಕೊಕ್ಕೆ ಕಂಡರೆ ಚರ್ಮದ ಗೈರೋಡ್ಯಾಕ್ಟೈಲಸ್. ಮೊದಲನೆಯದು ಮೊಟ್ಟೆಯಿಡುತ್ತದೆ, ಎರಡನೆಯದು ಮರಿ ಹಾಕುತ್ತದೆ. ಮೊಟ್ಟೆಯ ಮೇಲೆ ಮದ್ದು ಕೆಲಸ ಮಾಡದ ಕಾರಣ ಈ ವ್ಯತ್ಯಾಸ ಚಿಕಿತ್ಸೆಯ ದಿನಗಳನ್ನು ನಿರ್ಧರಿಸುತ್ತದೆ.

ಉಪ್ಪು ಮತ್ತು ಅಳತೆ

ಯಾವ ಮದ್ದಿಗೂ ಮೊದಲು ತೊಟ್ಟಿಯ ನೀರಿನ ಲೆಕ್ಕ ಬೇಕು. ಉದ್ದ, ಅಗಲ, ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ತೊಟ್ಟಿ 54 ಲೀಟರಿನದು. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ ನೀರು ಸುಮಾರು 45 ಲೀಟರ್.

ಬಿಳಿಚುಕ್ಕೆ, ಟ್ರೈಕೋಡೈನಾದಂಥ ಏಕಕೋಶ ಜೀವಿಗಳಿಗೆ ಮೊದಲ ಮದ್ದು ಕಲ್ಲುಪ್ಪು. ಪ್ರತಿ ಲೀಟರಿಗೆ 2ರಿಂದ 3 ಗ್ರಾಂ ಇರಬೇಕು. 45 ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ 90 ಗ್ರಾಂ ಆಗುತ್ತದೆ. ಅದನ್ನು ಮೂರು ಪಾಲು ಮಾಡಿ, ಬೇರೆ ಪಾತ್ರೆಯ ನೀರಿನಲ್ಲಿ ಕರಗಿಸಿ, ಒಂದೂವರೆ ದಿನದಲ್ಲಿ ಹಂತಹಂತವಾಗಿ ಸೇರಿಸಬೇಕು. ಉಪ್ಪು ಆವಿಯಾಗುವುದಿಲ್ಲ. ಆದ್ದರಿಂದ ನೀರು ಬದಲಿಸಿದಾಗ ಹೊರಹೋದ ನೀರಿಗೆ ತಕ್ಕಷ್ಟೇ ಉಪ್ಪನ್ನು ಮತ್ತೆ ಹಾಕಬೇಕು. ನೀರುಗಿಡಗಳು ಇದಕ್ಕೆ ಬಾಡುತ್ತವೆ, ಮೊದಲೇ ತೆಗೆದಿಡುವುದು ಒಳ್ಳೆಯದು.

ಬಿಳಿಚುಕ್ಕೆ ಜೀವಿ ಮೀನಿನ ಚರ್ಮದಡಿ ಇರುವಾಗ ಉಪ್ಪಾಗಲಿ ಔಷಧಿಯಾಗಲಿ ಅದನ್ನು ತಲುಪುವುದಿಲ್ಲ. ಬೆಳೆದ ಜೀವಿ ಕಳಚಿ ತಳಕ್ಕೆ ಬಿದ್ದು, ಕೋಶ ಕಟ್ಟಿಕೊಂಡು, ನೂರಾರು ಮರಿಗಳಾಗಿ ಒಡೆಯುತ್ತದೆ. ನೀರಿನಲ್ಲಿ ಈಜುವ ಈ ಮರಿಗಳು ಎರಡು ದಿನದೊಳಗೆ ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ. ಮದ್ದು ಕೊಲ್ಲುವುದು ಇವನ್ನೇ. ನೀರು 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಈ ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಡೆಯ ಬೆಳಗಿನ ಚಳಿಯಂತೆ 15 ಡಿಗ್ರಿ ಆಸುಪಾಸಿಗೆ ಇಳಿದರೆ ಎರಡು ವಾರ, ಅದಕ್ಕೂ ಹೆಚ್ಚು ಹಿಡಿಯುತ್ತದೆ. ಹಗಲು ಬಿಸಿಲು, ರಾತ್ರಿ ಚಳಿ ಎಂಬ ಏರಿಳಿತ ಮೀನಿನ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುತ್ತದೆ. ಹೀಟರ್‌ನಿಂದ ದಿನಕ್ಕೆ ಒಂದೆರಡು ಡಿಗ್ರಿಯಂತೆ 27–28 ಡಿಗ್ರಿಗೆ ಏರಿಸಿದರೆ ಸುತ್ತು ಬೇಗ ಸಾಗಿ ಮದ್ದಿಗೆ ಸಿಗುತ್ತದೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆಯಾದ್ದರಿಂದ ಏರ್ ಪಂಪ್ ನಿಲ್ಲಕೂಡದು. ಕರೆಂಟ್ ಹೋಗುವ ಊರುಗಳಲ್ಲಿ ಬ್ಯಾಟರಿಯ ಪಂಪ್ ಇಟ್ಟುಕೊಳ್ಳಬೇಕು. ಚುಕ್ಕೆ ಮಾಯವಾದ ದಿನವೇ ಉಪ್ಪು ನಿಲ್ಲಿಸಬಾರದು. ಒಟ್ಟು 10ರಿಂದ 14 ದಿನ ಇರಬೇಕು. ಕೋಶಗಳು ತಳದಲ್ಲಿರುವುದರಿಂದ ಮೀನನ್ನು ಮಾತ್ರ ಬೇರೆ ಟಬ್ಬಿಗೆ ಹಾಕಿ ಚಿಕಿತ್ಸೆ ಮಾಡಿ ಅದೇ ತೊಟ್ಟಿಗೆ ಬಿಟ್ಟರೆ ರೋಗ ಮರಳುತ್ತದೆ.

ಬಲವಾದ ಮದ್ದುಗಳು

ಉಪ್ಪಿಗೆ ಬಗ್ಗದಿದ್ದಾಗ ಪೊಟ್ಯಾಶಿಯಂ ಪರ್ಮಾಂಗನೇಟ್ ಬಳಕೆಯಲ್ಲಿದೆ. ಪ್ರಮಾಣ ಲೀಟರಿಗೆ 2 ಮಿಲಿಗ್ರಾಂ. 45 ಲೀಟರಿಗೆ ಬೇಕಾಗುವ 90 ಮಿಲಿಗ್ರಾಂ ಮನೆಯ ತಕ್ಕಡಿಗೆ ಸಿಗುವುದಲ್ಲ. ಒಂದು ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಆ ದ್ರಾವಣದ 90 ಮಿಲಿಲೀಟರ್ ಹಾಕಿದರೆ ಅಳತೆ ಸರಿಯಾಗುತ್ತದೆ. ನೇರಳೆ ನೀರು ಕಂದಾದರೆ ಅದರ ಶಕ್ತಿ ಮುಗಿದಂತೆ. ಫಾರ್ಮಲಿನ್ ಜೊತೆ ಇದನ್ನು ಎಂದೂ ಸೇರಿಸಬಾರದು, ಅಪಾಯಕಾರಿ ರಾಸಾಯನಿಕ ಕ್ರಿಯೆ ನಡೆಯುತ್ತದೆ. ಹಸಿರು ಬಣ್ಣದ ಮ್ಯಾಲಕೈಟ್ ಗ್ರೀನ್ ಬಿಳಿಚುಕ್ಕೆಗೆ ಪರಿಣಾಮಕಾರಿಯಾದರೂ ತಿನ್ನುವ ಮೀನಿನ ಸಾಕಣೆಯಲ್ಲಿ ನಿಷಿದ್ಧ. ಅಕ್ವೇರಿಯಂನಲ್ಲಿ ಬಳಸುವವರೂ ಕೈಗವಸು ಹಾಕಿಕೊಳ್ಳಬೇಕು, ಆ ನೀರು ಕೆರೆ, ನಾಲೆ ಸೇರದಂತೆ ನೋಡಿಕೊಳ್ಳಬೇಕು.

ಫ್ಲೂಕ್‌ಗಳಿಗೆ ಪ್ರಾಜಿಕ್ವಾಂಟೆಲ್ ಒಳ್ಳೆಯ ಮದ್ದು. ಲೀಟರಿಗೆ 2 ಮಿಲಿಗ್ರಾಂ ಸಾಮಾನ್ಯ ಪ್ರಮಾಣ. ನಾಯಿಗಳ ಜಂತುಹುಳುವಿನ ಮಾತ್ರೆಗಳಲ್ಲೂ ಇದು ಇರುತ್ತದೆ. ಆದರೆ ಹಲವು ಮಾತ್ರೆಗಳಲ್ಲಿ ಬೇರೆ ಔಷಧಿಗಳೂ ಬೆರೆತಿರುವುದರಿಂದ ಪಶುವೈದ್ಯರನ್ನು ಕೇಳದೆ ಹಾಕಬಾರದು. ಕಿವಿರಿನ ಫ್ಲೂಕ್‌ನ ಮೊಟ್ಟೆಗಳು ಉಳಿಯುವುದರಿಂದ ವಾರದ ಬಳಿಕ ಎರಡನೇ ಬಾರಿ, ಚಳಿಗಾಲದಲ್ಲಿ ಮೂರನೇ ಬಾರಿಯೂ ಕೊಡಬೇಕಾಗುತ್ತದೆ. ಯಾವ ಮದ್ದು ಹಾಕುವಾಗಲೂ ಫಿಲ್ಟರ್‌ನೊಳಗಿನ ಇದ್ದಿಲನ್ನು ತೆಗೆಯಬೇಕು, ಇಲ್ಲವಾದರೆ ಮದ್ದನ್ನೆಲ್ಲ ಅದೇ ಹೀರುತ್ತದೆ. ಒಂದೇ ಸಲ ಎರಡು ಮೂರು ಬಾಟಲಿ ಸುರಿದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಎಂದು ತಿಳಿಯುವುದಿಲ್ಲ.

ಹೇನು ಮತ್ತು ಲಂಗರು ಹುಳು

ಇವನ್ನು ಕೈಯಾರೆ ತೆಗೆಯಬಹುದು. ಮೀನನ್ನು ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ಕಣ್ಣು ಮುಚ್ಚುವಂತೆ ಬಟ್ಟೆಯ ತುದಿ ಹೊದಿಸಿ, ಅರ್ಧ ನಿಮಿಷದೊಳಗೆ ಚಿಮಟದಿಂದ ಕೆಲಸ ಮುಗಿಸಬೇಕು. ಲಂಗರು ಹುಳುವನ್ನು ಗಾಯದ ಬುಡದಲ್ಲೇ ಹಿಡಿದು ನೇರ ಎಳೆಯಬೇಕು, ತಲೆ ಒಳಗೆ ಮುರಿದುಳಿದರೆ ಗಾಯ ಕೀವಾಗುತ್ತದೆ. ಬಳಿಕ ಗಾಯಕ್ಕೆ ಹತ್ತಿಯಲ್ಲಿ ಪೊವಿಡೋನ್ ಅಯೋಡಿನ್ ಮುಟ್ಟಿಸಿ ಮೀನನ್ನು ನೀರಿಗೆ ಬಿಡಬೇಕು. ಕಿವಿರಿಗೆ, ಕಣ್ಣಿಗೆ ಅದು ತಾಗಬಾರದು.

ತೊಟ್ಟಿಯಲ್ಲಿ ಉಳಿದ ಮೊಟ್ಟೆ, ಮರಿಗಳದೇ ಮುಂದಿನ ಕೆಲಸ. ಮೀನು ಹೇನು ಗಾಜು, ಕಲ್ಲುಗಳ ಮೇಲೆ ಸಾಲಾಗಿ ಮೊಟ್ಟೆ ಅಂಟಿಸುತ್ತದೆ. ಅವು ಒಡೆಯಲು ಎರಡು ಮೂರು ವಾರ ಬೇಕಾಗಬಹುದು. ಮೀನನ್ನು ಟಬ್ಬಿಗೆ ವರ್ಗಾಯಿಸಿ, ತೊಟ್ಟಿ ಖಾಲಿ ಮಾಡಿ, ಕಲ್ಲು ಸಮೇತ ಉಜ್ಜಿ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸುವುದು ಸುಲಭ ದಾರಿ. ಹೊರಕವಚ ಬೆಳೆಯದಂತೆ ತಡೆಯುವ ಡೈಫ್ಲುಬೆಂಜುರಾನ್‌ನಂಥ ಮದ್ದುಗಳಿವೆ. ಅವು ಕೆರೆಯ ಸೀಗಡಿ, ಏಡಿಗಳಿಗೂ ಮಾರಕ. ತಜ್ಞರ ಸಲಹೆಯಿಲ್ಲದೆ ಅವನ್ನು ಬಳಸಬಾರದು.

ಮತ್ತೆ ಬಾರದಂತೆ

ಹೊಸ ಮೀನನ್ನು ಮೂರರಿಂದ ನಾಲ್ಕು ವಾರ ಬೇರೆ ಟಬ್ಬಿನಲ್ಲಿ, ಬೇರೆಯದೇ ಬಲೆ, ಪೈಪು ಬಳಸಿ ಇರಿಸಿದರೆ ಮೇಲಿನ ಹೆಚ್ಚಿನ ತೊಂದರೆಗಳು ಅಲ್ಲೇ ತೋರುತ್ತವೆ. ನಾಲೆಯ ಗಿಡ, ಬಸವನಹುಳು, ಮೀನು ತೊಟ್ಟಿಗೆ ಬರಬಾರದು. ಬದಲಿಸುವ ನೀರು ಹಳೆಯ ನೀರಿನಷ್ಟೇ ಬೆಚ್ಚಗಿರಬೇಕು.

ಗುಣವಾಗದ ಮೀನನ್ನು ಕಬಿನಿಗೋ ಲಕ್ಷ್ಮಣತೀರ್ಥಕ್ಕೋ ಕಾವೇರಿಗೋ ಊರ ಕೆರೆಗೋ ಬಿಡುವುದು ದಯೆಯಲ್ಲ. ಅದು ಹೊತ್ತ ಹೇನು, ಲಂಗರು ಹುಳು ರೈತರು ಸಾಕಿದ ಗೆಂಡೆಗಳಿಗೆ ಹರಡಬಹುದು. ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ, ಅಳಿವಿನ ಅಂಚಿಗೆ ಬಂದ ಗೂನುಬೆನ್ನಿನ ಮಹಶೀರ್ ಕೂಡ ಗೆಂಡೆ ಬಳಗದ್ದೇ. ನರಳುತ್ತಿರುವ ಮೀನಿಗೆ ನೋವಿಲ್ಲದ ಸಾವು ಕೊಡುವ ಬಗೆಯನ್ನು ಪಶುವೈದ್ಯರು ಹೇಳಬಲ್ಲರು. ಸತ್ತ ಮೀನನ್ನು ಮಣ್ಣಿನಲ್ಲಿ ಹೂಳಬೇಕು. ಈ ಪರಾವಲಂಬಿಗಳು ಮನುಷ್ಯರಿಗೆ ಅಂಟುವುದಿಲ್ಲ. ಆದರೆ ತೊಟ್ಟಿಯ ನೀರಿನ ಕೆಲವು ಬ್ಯಾಕ್ಟೀರಿಯಾಗಳು ಕೈಯ ಗಾಯದ ಮೂಲಕ ಸೋಂಕು ತರುವುದರಿಂದ ಗಾಯವಿದ್ದವರು ಕೈಗವಸು ಹಾಕಿಕೊಂಡೇ ತೊಟ್ಟಿಗೆ ಕೈಯಿಡಬೇಕು, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು.