ಇಲಿಯ ಹೃದಯಕ್ಕೆ ನೀಲಿ, ಕೆಂಪು ಬಣ್ಣ

ಸೂರತ್‌ನ ಪಾಂಡೇಸರಾದ ಡೈಯಿಂಗ್ ಮಿಲ್ಲೊಂದರಲ್ಲಿ ಕೆಲಸಕ್ಕಿರುವ ಕನ್ನಡಿಗ ಓದುಗರೊಬ್ಬರ ಪ್ರಶ್ನೆ: 'ಅಣ್ಣನಿಗೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದರು. ಬ್ಲಾಕ್ ತೆಗೆದರೂ ಪಂಪಿಂಗ್ ಕಡಿಮೆ ಅಂತಾರಲ್ಲ, ಯಾಕೆ?'

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪ್ರಾಣಿಗಳ ಹೃದಯದಲ್ಲಿ. ಅದನ್ನು ಕಣ್ಣಿಗೆ ಕಾಣಿಸುವುದು ಬಣ್ಣ.

ಅರಿವಳಿಕೆ ಕೊಟ್ಟ ಇಲಿಯ ಎದೆ ತೆರೆದು, ಹೃದಯದ ಎಡ ರಕ್ತನಾಳದ ಅಡಿಯಿಂದ ಹೊಲಿಗೆ ದಾರ ತೂರಿಸಿ ಬಿಗಿಯುತ್ತಾರೆ. ಅದರ ಕೆಳಗಿನ ಸ್ನಾಯು ನೋಡನೋಡುತ್ತಲೇ ಬಿಳಿಚಿಕೊಳ್ಳುತ್ತದೆ. ಅರ್ಧ ಗಂಟೆಯ ಮೇಲೆ ದಾರ ಸಡಿಲಿಸಿದರೆ ಮತ್ತೆ ಕೆಂಪೇರುತ್ತದೆ. ಕೆಲವು ಗಂಟೆ ಕಳೆದು ಅದೇ ದಾರವನ್ನು ಪುನಃ ಬಿಗಿದು, ಹೃದಯದ ನಾಳಗಳೊಳಕ್ಕೆ ಇವಾನ್ಸ್ ಬ್ಲೂ ಹರಿಸುತ್ತಾರೆ. ಹತ್ತಿಬಟ್ಟೆಗೆ ಹಾಕುವ ಡೈರೆಕ್ಟ್ ಬಣ್ಣಗಳ ಕುಲದ್ದೇ ಇದು. ಬಣ್ಣಗಳ ಪಟ್ಟಿಯಲ್ಲಿ ಡೈರೆಕ್ಟ್ ಬ್ಲೂ 53. ದಾರದ ಆಚೆಯ ಭಾಗವೊಂದು ಬಿಟ್ಟು ಮಿಕ್ಕಿದ್ದೆಲ್ಲ ನೀಲಿ. ಬಳಿಕ ಹೃದಯವನ್ನು ತೆಳ್ಳಗೆ ಹೋಳು ಮಾಡಿ 37 ಡಿಗ್ರಿ ಬಿಸಿಯ ಟಿಟಿಸಿ ದ್ರಾವಣದಲ್ಲಿ ನೆನೆಸುತ್ತಾರೆ. ಬಣ್ಣವೇ ಇಲ್ಲದ ಟಿಟಿಸಿಯನ್ನು ಜೀವವಿರುವ ಕೋಶದ ಕಿಣ್ವಗಳು ಕೆಂಪು ಮಾಡುತ್ತವೆ. ಸತ್ತ ಭಾಗಕ್ಕೆ ಬಣ್ಣ ಹತ್ತುವುದಿಲ್ಲ.

1977ರಲ್ಲಿ ಅಮೆರಿಕದ ರೈಮರ್, ಜೆನ್ನಿಂಗ್ಸ್ ಮತ್ತು ಸಂಗಡಿಗರು ನಾಯಿಗಳಲ್ಲಿ ಈ ಸಾವಿನ ವೇಗ ಅಳೆದರು. ನಾಳವನ್ನು 40 ನಿಮಿಷ ಮುಚ್ಚಿ ತೆರೆದರೆ ಹೃದಯಭಿತ್ತಿಯ ದಪ್ಪದಲ್ಲಿ ಸತ್ತದ್ದು ಶೇ 38. 3 ಗಂಟೆಗೆ ಶೇ 57. 24 ಗಂಟೆಗೆ ಶೇ 85. ಸಾವು ಒಳಪದರದಲ್ಲಿ ಶುರುವಾಗಿ ಹೊರಕ್ಕೆ ಹಬ್ಬುತ್ತದೆ. ಸ್ಟೆಂಟ್ ಹಾಕುವಷ್ಟರಲ್ಲಿ ಸತ್ತ ಸ್ನಾಯು ಮತ್ತೆ ಬದುಕುವುದಿಲ್ಲ. ಉಳಿದದ್ದರಲ್ಲೂ ಒಂದಷ್ಟು, ರಕ್ತ ಬಂದ ಮೇಲೂ ಕೆಲವು ದಿನ, ವಾರ ಮಂಕು ಬಡಿದಂತಿರುತ್ತದೆ. ಹಾಗಾಗಿ ಅಣ್ಣನ ಮೊದಲ ಎಕೋ ವರದಿಯೇ ಕೊನೆಯ ಮಾತಲ್ಲ.

1986ರಲ್ಲಿ ಮರಿ, ಜೆನ್ನಿಂಗ್ಸ್, ರೈಮರ್ ಇನ್ನೊಂದು ಅಚ್ಚರಿ ಕಂಡರು. ನಾಯಿಯ ನಾಳವನ್ನು ಐದೈದು ನಿಮಿಷದಂತೆ ನಾಲ್ಕು ಸಲ ಮುಚ್ಚಿ ತೆರೆದು, ಆಮೇಲೆ 40 ನಿಮಿಷ ಮುಚ್ಚಿದರೆ ಹಾನಿ ಕಾಲು ಭಾಗಕ್ಕೆ ಇಳಿಯಿತು! ಅಲ್ಲಿಂದ ಹೃದಯ ಉಳಿಸುವ ಔಷಧಿಗಳ ಸುದ್ದಿಗೆ ಬರವಿಲ್ಲ. ನನಗಂತೂ ಆ ತಲೆಬರಹಗಳನ್ನು ಓದಿ ಸಾಕಾಗಿದೆ. ಪ್ರಾಣಿಗಳಲ್ಲಿ ಭರವಸೆ ಮೂಡಿಸಿದ್ದ ಸೈಕ್ಲೋಸ್ಪೋರಿನ್ 2015ರಲ್ಲಿ ರೋಗಿಗಳ ಮೇಲೆ ಸೋತಿತು. ತೋಳಿಗೆ ಬಿಪಿ ಪಟ್ಟಿ ಸುತ್ತಿ ಬಿಗಿದು ಬಿಡುವ ಉಪಾಯ 2019ರಲ್ಲಿ, ಐದು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ, ಉಪಯೋಗಕ್ಕೆ ಬರಲಿಲ್ಲ.

ಲ್ಯಾಬಿನ ಇಲಿ ಸಾಮಾನ್ಯವಾಗಿ ಎಳೆಯದು, ಸಕ್ಕರೆ ಕಾಯಿಲೆಯಿಲ್ಲ, ಬಿಪಿ ಮಾತ್ರೆ ನುಂಗುವುದಿಲ್ಲ. ಅದರ ನಾಳ ಕಟ್ಟಿದ್ದು ದಾರದಿಂದ, ಕೊಬ್ಬಿನಿಂದಲ್ಲ. ಕಟ್ಟಿದ ನಿಮಿಷವೂ ಗೊತ್ತು. ಪ್ರಾಣಿಯಿಂದ ಪ್ರಾಣಿಗೂ ಲೆಕ್ಕ ಬದಲಾಗುತ್ತದೆ. ನಾಯಿಗೆ ಬದಲಿ ನಾಳಗಳು ಧಾರಾಳ. ಗಿನಿಯಿಲಿಗೆ ಎಷ್ಟಿವೆಯೆಂದರೆ ಒಂದು ನಾಳ ಕಟ್ಟಿದರೂ ಸ್ನಾಯು ಸಾಯುವುದಿಲ್ಲ. ಹಂದಿಗೆ ತೀರಾ ಕಡಿಮೆ. ಹೃದಯದ ಗಾತ್ರವೂ ನಮ್ಮದರ ಹತ್ತಿರ. ಸ್ಟೆಂಟುಗಳನ್ನು ಮೊದಲು ಹಂದಿಯಲ್ಲೇ ಪರೀಕ್ಷಿಸುವುದು ವಾಡಿಕೆ.

ನಾಯಿಯಿಂದ ಮನುಷ್ಯನಿಗೆ ಕೆಡದೆ ದಾಟಿ ಬಂದದ್ದು ಗಡಿಯಾರದ ಪಾಠ. ಕರ್ನಾಟಕದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ದೊಡ್ಡಾಸ್ಪತ್ರೆಗೆ ಸಾಗಿಸುವ ಮೊದಲೇ, ತಾಲ್ಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುವುದು ಆ ಲೆಕ್ಕದ ಮೇಲೆಯೇ.