ಚಿಕಿತ್ಸೆಯ ನಡುವೆ ಮೈ ತುರಿಸಿದರೆ ‘ಉಷ್ಣ’ ಎನ್ನಬೇಡಿ

ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಹೆಂಗಸೊಬ್ಬರು ನಿಮ್ಮ ಮನೆಯಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಂಡು ಬರುತ್ತಾರೆ. ಒಂದು ರಾತ್ರಿ ಬೆನ್ನು, ತೋಳು ತುರಿಸತೊಡಗುತ್ತದೆ. ಬೆಳಿಗ್ಗೆ ನೋಡಿದರೆ ಸಣ್ಣ ಸಣ್ಣ ದದ್ದುಗಳು. ‘ಔಷಧಿಯ ಉಷ್ಣ’ ಎನ್ನುತ್ತಾರೆ ಅತ್ತೆ. ‘ನಂಜಾಗಿದೆ, ಬದನೆಕಾಯಿ ಬಿಡು’ ಎನ್ನುತ್ತಾರೆ ಪಕ್ಕದ ಮನೆಯವರು. ಪಿತ್ತದ ಗಂಧೆಯೆಂದು ಕಂಬಳಿಯಿಂದ ಉಜ್ಜುವವರೂ ಉಂಟು. ವೈದ್ಯರಿಗೆ ಮಾತ್ರ ಯಾರೂ ಹೇಳುವುದಿಲ್ಲ. ಅಂಥ ದೊಡ್ಡ ಕಾಯಿಲೆಯ ಮುಂದೆ ತುರಿಕೆ ಏನು ಮಹಾ ಎಂಬ ಸಂಕೋಚ ಒಂದು. ಹೇಳಿದರೆ ಎಲ್ಲಿ ಔಷಧಿಯನ್ನೇ ನಿಲ್ಲಿಸಿಬಿಡುತ್ತಾರೋ ಎಂಬ ಭಯ ಇನ್ನೊಂದು.

ಈ ಭಯಕ್ಕೆ ಆಧಾರವಿಲ್ಲ. ಬೇಗ ಹೇಳಿದರೆ ಬಹುಪಾಲು ರೋಗಿಗಳಲ್ಲಿ ಚಿಕಿತ್ಸೆ ಮುಂದುವರಿಯುತ್ತದೆ. ನಿಲ್ಲಿಸಬೇಕಾಗಿ ಬರುವುದು ಹೆಚ್ಚಾಗಿ ಉಲ್ಬಣಿಸಿದ ಮೇಲೆ.

ಇಲ್ಲಿ ಹೇಳುತ್ತಿರುವುದು ಕೀಮೋಥೆರಪಿಯ ಮಾತಲ್ಲ, ‘ಇಮ್ಯುನೋಥೆರಪಿ’ಯದು. ನಮ್ಮ ದೇಹದ ರೋಗನಿರೋಧಕ ಕಣಗಳಿಗೆ ಒಂದು ಬ್ರೇಕ್ ಇದೆ. ಅವು ಸ್ವಂತ ದೇಹದ ಮೇಲೆಯೇ ಎರಗದಂತೆ ತಡೆಯುವುದು ಅದರ ಕೆಲಸ. ಕ್ಯಾನ್ಸರ್ ಕಣಗಳು ಉಪಾಯವಾಗಿ ಇದೇ ಬ್ರೇಕನ್ನು ಒತ್ತಿ ತಪ್ಪಿಸಿಕೊಳ್ಳುತ್ತವೆ. ಆ ಬ್ರೇಕನ್ನು ಸಡಿಲಿಸುವ ದಾರಿ ತೋರಿಸಿದ್ದಕ್ಕೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಹುಮಾನ ಬಂತು. ಪೆಂಬ್ರೋಲಿಜುಮ್ಯಾಬ್ ಎಂಬುದು ಇಂಥ ಔಷಧಿ. ಈಸ್ಟ್ರೋಜೆನ್, ಪ್ರೊಜೆಸ್ಟರಾನ್, ಹರ್-2 ಎಂಬ ಮೂರೂ ಗುರುತುಗಳಿಲ್ಲದ ‘ಟ್ರಿಪಲ್ ನೆಗೆಟಿವ್’ ಸ್ತನ ಕ್ಯಾನ್ಸರಿಗೆ ಇದನ್ನು ಕೊಡುತ್ತಾರೆ. ದೇಹದ ಬೇರೆಡೆಗೆ ಹರಡಿದ ಕೆಲವು ರೋಗಿಗಳಿಗೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಮರುಕಳಿಸುವ ಅಪಾಯ ಹೆಚ್ಚಿರುವ ಆರಂಭದ ಹಂತದ ರೋಗಕ್ಕೆ 2021ರಲ್ಲಿ.

ಬ್ರೇಕ್ ಸಡಿಲವಾದ ಕಣಗಳು ಕೆಲವೊಮ್ಮೆ ಚರ್ಮವನ್ನೂ ಶತ್ರುವೆಂದು ಬಗೆಯುತ್ತವೆ. ದದ್ದು, ತುರಿಕೆ ಬರುವುದು ಹೀಗೆ. ಉಷ್ಣವೂ ಅಲ್ಲ, ನಂಜೂ ಅಲ್ಲ. ಮೊದಲೇ ಸೊರಗಿದ ರೋಗಿಗೆ ಪಥ್ಯದ ಹೆಸರಿನಲ್ಲಿ ಊಟ ಕಡಿಮೆ ಮಾಡಿಸುವುದು ನನಗಂತೂ ಅನ್ಯಾಯವೆಂದೇ ತೋರುತ್ತದೆ.

ಸಾಮಾನ್ಯವಾಗಿ ಇದು ಮೊದಲ ಕೆಲವು ವಾರ, ತಿಂಗಳುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಪುಸ್ತಕಗಳಲ್ಲಿ ‘ಕೆಂಪು ದದ್ದು’ ಎಂದು ಬರೆದಿರುತ್ತದೆ. ಆದರೆ ನಮ್ಮ ಕಂದು, ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದು. ನೇರಳೆ ಇಲ್ಲವೇ ಕಡುಗಪ್ಪು ಮಚ್ಚೆಯಾಗಿ ಕಾಣಬಹುದು. ಕಣ್ಣಿಗೆ ಏನೂ ಕಾಣದೆ ಬರೀ ತುರಿಕೆಯೇ ಇರುವುದೂ ಉಂಟು. ವಿಕಿರಣ ಚಿಕಿತ್ಸೆಯಿಂದ ಚರ್ಮ ಕಪ್ಪಾಗುವುದು ವಿಕಿರಣ ಬಿದ್ದ ಜಾಗದಲ್ಲಿ. ಇದು ಬೆನ್ನು, ಹೊಟ್ಟೆ, ಕೈಕಾಲು ಎಲ್ಲಿಯೂ ಬರಬಹುದು. ಜೊತೆಗೆ ಕೊಡುವ ಕೀಮೋ ಔಷಧಿಯಿಂದಲೂ ದದ್ದು ಏಳುವುದರಿಂದ ಕಾರಣ ಯಾವುದೆಂದು ವೈದ್ಯರೇ ಹೇಳಬೇಕು.

ಫೋನಿನಲ್ಲಿ ವೈದ್ಯರು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಜಾಗದಲ್ಲಿದೆ?’ ಇದಕ್ಕೊಂದು ಸುಲಭ ಅಳತೆಯಿದೆ. ಬೆರಳುಗಳೂ ಸೇರಿ ರೋಗಿಯ ಒಂದು ಅಂಗೈ ಎಂದರೆ ಮೈಯ ಸುಮಾರು ನೂರನೆಯ ಒಂದು ಪಾಲು. ಹತ್ತು ಅಂಗೈಗಿಂತ ಕಡಿಮೆಯಿದ್ದು ಬೇರೆ ತೊಂದರೆಯಿಲ್ಲದಿದ್ದರೆ ಅದು ಸೌಮ್ಯ. ಹಚ್ಚುವ ಸ್ಟಿರಾಯ್ಡ್ ಮುಲಾಮು, ತುರಿಕೆಯ ಮಾತ್ರೆ ಸಾಕಾಗುತ್ತದೆ. ಮೂವತ್ತು ದಾಟಿದರೆ ತೀವ್ರ. ಆಗ ಡ್ರಿಪ್ ಮುಂದೂಡಿ, ನುಂಗುವ ಸ್ಟಿರಾಯ್ಡ್ ಕೊಡಬೇಕಾಗಬಹುದು. ಸ್ಟಿರಾಯ್ಡ್ ಎಂದರೆ ಬೆಚ್ಚಿಬೀಳಬೇಡಿ. ಇಲ್ಲಿ ಅದೇ ಸರಿಯಾದ ಮದ್ದು. ಆದರೆ ಮೆಡಿಕಲ್ ಶಾಪಿನವರು ಕೊಟ್ಟ, ಮೂರು ನಾಲ್ಕು ಔಷಧಿ ಬೆರೆಸಿದ ಕ್ರೀಮು ಬೇಡ. ದದ್ದಿನ ರೂಪವೇ ಬದಲಾಗಿ ವೈದ್ಯರಿಗೆ ಗುರುತು ಸಿಗದಂತಾಗುತ್ತದೆ. ಉಗುರು ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಿ, ಒದ್ದೆ ಆರುವ ಮುನ್ನ ವಾಸನೆಯಿಲ್ಲದ ತೇವ ಉಳಿಸುವ ಕ್ರೀಮು ಹಚ್ಚಿ. ಅರಿಶಿನ, ಬೇವಿನ ಲೇಪ ಈಗ ಬೇಡ.

ಮೈಮೇಲೆ ನೀರುಗುಳ್ಳೆ ಎದ್ದರೆ, ಬಾಯಿ, ಕಣ್ಣು, ಜನನಾಂಗದಲ್ಲಿ ಹುಣ್ಣಾದರೆ, ಚರ್ಮ ಮುಟ್ಟಿದರೆ ಉರಿದು ಸುಲಿಯತೊಡಗಿದರೆ, ದದ್ದಿನ ಜೊತೆ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ರಾತ್ರಿಯಾದರೂ ಸರಿ. ಇದು ಅಪರೂಪ, ಆದರೆ ಪ್ರಾಣಕ್ಕೆ ಅಪಾಯ. ಗುಳ್ಳೆ ಕಂಡೊಡನೆ ‘ಅಮ್ಮ’ ಬಂದಿದೆಯೆಂದು ಬೇವಿನ ಸೊಪ್ಪು ಕಟ್ಟಿ, ಅಥವಾ ಸರ್ಪಸುತ್ತು ಎಂದು ಕೆಮ್ಮಣ್ಣು ಬಳಿದು ಮನೆಯಲ್ಲೇ ಕೂರಿಸಿದರೆ ಅಮೂಲ್ಯ ದಿನಗಳು ಕಳೆದುಹೋಗುತ್ತವೆ.

ಮೊದಲೇ ಸೋರಿಯಾಸಿಸ್‌ನಂಥ ಚರ್ಮರೋಗ ಇದ್ದವರು ಮೊದಲ ಡ್ರಿಪ್‌ಗೆ ಮುನ್ನವೇ ತಿಳಿಸಬೇಕು, ಅದು ಕೆರಳಬಹುದು.

ಇನ್ನೊಂದು ಮಾತು. ಚಿಕಿತ್ಸೆ ಮುಗಿದು ತಿಂಗಳುಗಳಾದ ಮೇಲೂ ಈ ತೊಂದರೆ ಬರಬಹುದು. ನೀರುಗುಳ್ಳೆಯ ಕಾಯಿಲೆ ಹಾಗೆ ತಡವಾಗಿ ಬರುವುದುಂಟು. ಆ ಹೊತ್ತಿಗೆ ರೋಗಿ ಊರಿಗೆ ಮರಳಿರುತ್ತಾರೆ, ನೋಡುವ ವೈದ್ಯರು ಬೇರೆಯವರಾಗಿರುತ್ತಾರೆ. ಔಷಧಿಯ ಹೆಸರು, ಕೊನೆಯ ಡ್ರಿಪ್‌ನ ದಿನಾಂಕ, ಕ್ಯಾನ್ಸರ್ ಆಸ್ಪತ್ರೆಯ ಫೋನ್ ನಂಬರು ಬರೆದ ಚೀಟಿಯೊಂದು ಪರ್ಸಿನಲ್ಲಿರಲಿ. ತುರಿಕೆಗೆಂದು ಯಾರ ಬಳಿ ಹೋದರೂ ಮೊದಲು ಅದನ್ನು ತೋರಿಸಿ.