ಮುಖವಿಕಾರ: ರೋಗವೋ ರಿಷ್ಟವೋ?

ರೋಗಿಯ ಮುಖದಲ್ಲಿ ಕಾಣುವ ವಿಕಾರವನ್ನು ಪ್ರಾಚೀನ ವೈದ್ಯರು ಎರಡು ಬಗೆಯಾಗಿ ಓದುತ್ತಿದ್ದರು: ರೋಗಲಕ್ಷಣವೆಂದು, ಇಲ್ಲವೆ ಮರಣಸೂಚಕವಾದ ರಿಷ್ಟವೆಂದು. ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ಕ್ಕೆ ಪರಿಶಿಷ್ಟವಾಗಿ ರಿಷ್ಟಾಧ್ಯಾಯವಿದೆ, 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಈ ಗ್ರಂಥವನ್ನು ಸೊಲ್ಲಾಪುರದಿಂದ ಪ್ರಕಟಿಸಿದರು. ದುರ್ಗದೇವನು 1032ರಲ್ಲಿ ಪ್ರಾಕೃತದಲ್ಲಿ ರಚಿಸಿದ ‘ರಿಷ್ಟಸಮುಚ್ಚಯ’ದ ವಿಷಯವೂ ಇದೇ. ಜೈನರಿಗೆ ಇದು ಬರಿಯ ಕುತೂಹಲದ ವಿದ್ಯೆಯಲ್ಲ. ಸಲ್ಲೇಖನದ ಕಾಲನಿರ್ಣಯಕ್ಕೆ ಸಂಬಂಧಿಸಿದ್ದು.

ಆದರೆ ‘ರತ್ನಕರಂಡಕ’ದ ವಿಧಿಯಂತೆ ರೋಗವು ನಿಃಪ್ರತೀಕಾರವಾಗಿರಬೇಕು. ಅದರ ಕರ್ತೃಗಳಾದ ಸಮಂತಭದ್ರರೇ ಭಸ್ಮಕವ್ಯಾಧಿಯಿಂದ ನೊಂದು ಸಲ್ಲೇಖನವನ್ನು ಬೇಡಿದಾಗ ಗುರುಗಳು ಅನುಮತಿಸಲಿಲ್ಲವೆಂದು ಪರಂಪರೆ ಹೇಳುತ್ತದೆ. ಹೀಗಿರಲು ಸಾಧ್ಯರೋಗದ ಕುರುಹನ್ನು ರಿಷ್ಟವೆಂದು ಬಗೆಯುವುದು ಸಣ್ಣ ಪ್ರಮಾದವಲ್ಲ. ಕೆಳರೆಪ್ಪೆಯ ಒಳಭಾಗ ಬಿಳಿಚಿದ್ದರೆ ಪಾಂಡು, ಎಂದರೆ ರಕ್ತಹೀನತೆಯನ್ನು ಶಂಕಿಸಬೇಕು. ಕಣ್ಣಿನ ಬಿಳಿಭಾಗ ಹಳದಿಯಾಗುವುದು ಕಾಮಾಲೆಯಲ್ಲಿ. ಕಣ್ಣು ಬೆಳ್ಳಗಿದ್ದು ಚರ್ಮವಷ್ಟೇ ಹಳದಿಯಾದರೆ ಪಪ್ಪಾಯಿಯ ಅತಿಸೇವನೆಯೂ ಕಾರಣವಾದೀತು! ಹುಬ್ಬಿನ ಕೂದಲು ಉದುರಿ, ಮುಖಚರ್ಮ ದಪ್ಪನಾಗಿ ಸಿಂಹಮುಖದಂತೆ ತೋರುವುದು ಉಲ್ಬಣಿಸಿದ ಕುಷ್ಠದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಬಹುವಿಧ ಔಷಧ ಚಿಕಿತ್ಸೆಯಿಂದ ಅದೂ ಗುಣವಾಗತಕ್ಕದ್ದು.

ಹಸ್ತಪ್ರತಿಯ ಸಂಪಾದಕನಿಗೂ ಇಲ್ಲಿ ಎಚ್ಚರ ಬೇಕು. ಓಲೆಪ್ರತಿಗಳಲ್ಲಿ ಅವಗ್ರಹಚಿಹ್ನೆಯನ್ನು ಬಹುಮಟ್ಟಿಗೆ ಬರೆಯುವುದಿಲ್ಲ. ಉದಾಹರಣೆಗೆ, ಮುಖವರ್ಣವನ್ನು ಹೇಳುವಲ್ಲಿ ‘ವರ್ಣೋಸಿತಃ’ ಎಂದಿದ್ದರೆ ಅದನ್ನು ‘ವರ್ಣಃ ಅಸಿತಃ’ ಎಂದೇ ಬಿಡಿಸಬೇಕು. ‘ಸಿತಃ’ ಎಂಬುದು ಪರವಾದಾಗ ವಿಸರ್ಗಕ್ಕೆ ಓಕಾರ ಬರುವುದಿಲ್ಲ. ಸಂಧಿನಿಯಮವನ್ನು ಮರೆತರೆ ಕಪ್ಪಿಟ್ಟ ಮುಖವು ಬಿಳಿಚಿದ ಮುಖವಾಗಿ, ರೋಗವೇ ಬದಲಾಗುತ್ತದೆ.